ಟಿಪಿ-ಲಿಂಕ್ ಆರ್ಚರ್ ಸಿ6: ಯಾರ ಮನೆಗೆ ಬೇಕು, ಯಾರ ಮನೆಗೆ ದಂಡ

ಇಂಟರ್ನೆಟ್ ಸ್ಲೋ ಅಂತ ಅಂಗಡಿಗೆ ಹೋಗಿ ರೌಟರ್ ಕೇಳಿದರೆ, ಎರಡೂವರೆ ಸಾವಿರದೊಳಗೆ ಮುಂದೆ ಬಂದು ಕೂರುವ ಹೆಸರುಗಳಲ್ಲಿ ಟಿಪಿ-ಲಿಂಕ್‌ನವರ ಆರ್ಚರ್ ಸಿ50 ಮತ್ತು ಆರ್ಚರ್ ಸಿ6 ಇದ್ದೇ ಇರುತ್ತವೆ. ಎರಡರ ಡಬ್ಬದ ಮೇಲೂ ಎಸಿ1200. ಎರಡಕ್ಕೂ ಹೊರಗೆ ನಾಲ್ಕು ಆಂಟೆನಾ. ನೋಡಲು ಅಣ್ಣತಮ್ಮಂದಿರು, ಬೆಲೆಯಲ್ಲಿ ಮಾತ್ರ ಕೆಲವು ನೂರು ರೂಪಾಯಿ ಹೆಚ್ಚುಕಮ್ಮಿ. "ಎರಡೂ ಒಂದೇ ಸಾರ್, ಇದು ಸ್ವಲ್ಪ ಹೊಸ ಮಾಡೆಲ್ ಅಷ್ಟೇ" ಅನ್ನುವ ಮಾತನ್ನು ನಂಬಿ ಅಗ್ಗದ್ದನ್ನು ಎತ್ತಿಕೊಂಡು ಬಂದರೆ, 200 ಎಂಬಿಪಿಎಸ್ ಪ್ಲಾನ್ ಇರುವವರ ಮನೆಯಲ್ಲಿ ಸ್ಪೀಡ್ 94ಕ್ಕೆ ಬಂದು ನಿಂತುಬಿಡುತ್ತದೆ. ಅಲ್ಲಿಂದಾಚೆ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅಷ್ಟೇ.

ಸಿ50ರ ಹಿಂಬದಿಯ ಪೋರ್ಟುಗಳೆಲ್ಲ ಫಾಸ್ಟ್ ಈಥರ್ನೆಟ್, ಅಂದರೆ 100 ಎಂಬಿಪಿಎಸ್‌ನವು. ಪ್ರತಿ ಪ್ಯಾಕೆಟ್ ಹೊತ್ತು ತರುವ ವಿಳಾಸ, ಗುರುತುಗಳ ಖರ್ಚು ಕಳೆದರೆ ಕೈಗೆ ಸಿಗುವುದು 94 ಚಿಲ್ಲರೆ. ರೇಡಿಯೊ ಗಾಳಿಯಲ್ಲಿ 867 ಓಡಿಸಬಲ್ಲುದಾದರೂ ಬಾಗಿಲಲ್ಲೇ ನೂರಕ್ಕೆ ಬಿಗಿದಿದೆ. ಸಿ6ರಲ್ಲಿ ಇಂಟರ್ನೆಟ್ ಪೋರ್ಟ್ ಒಂದು, ಲ್ಯಾನ್ ಪೋರ್ಟ್ ನಾಲ್ಕು, ಐದೂ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್‌ನವು. ಹೆಚ್ಚಿನ ದುಡ್ಡು ಹೋಗುವುದು ಮುಖ್ಯವಾಗಿ ಇದಕ್ಕೇ, ಮತ್ತು ಅದು ನ್ಯಾಯವಾದ ದುಡ್ಡು.

ಹಾಗಂತ ಸಿ6 ತಂದ ಮನೆಯಲ್ಲೆಲ್ಲ ಇಂಟರ್ನೆಟ್ ಓಡುತ್ತದೆ ಅಂತೇನಿಲ್ಲ. ನಿಮ್ಮ ಫೋನಿನಿಂದ ಇಂಟರ್ನೆಟ್ ಕಂಪನಿಯವರ ತನಕ ಇರುವ ದಾರಿಯಲ್ಲಿ ಈ ರೌಟರ್ ಸರಿಮಾಡಬಲ್ಲದ್ದು ಒಂದೇ ತುಂಡು: ಫೈಬರ್ ಡಬ್ಬದಿಂದ ಫೋನಿನವರೆಗಿನದ್ದು. ತೊಂದರೆ ಆ ತುಂಡಿನಲ್ಲಿ ಇದ್ದರೆ ಇದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ. ಇಲ್ಲದಿದ್ದರೆ ಟಿವಿ ಪಕ್ಕ ಇನ್ನೊಂದು ಡಬ್ಬ ಬಂದು ಕೂತಂತಾಯಿತು. ಹಾಗಾಗಿ ಈ ವಿಮರ್ಶೆಯ ಅರ್ಧ ಭಾಗ ರೌಟರ್ ಬಗ್ಗೆ ಅಲ್ಲವೇ ಅಲ್ಲ.

ಡಬ್ಬದ ಮೇಲಿನ ಲೆಕ್ಕ

ಈ ರೌಟರುಗಳು ಎರಡು ರೇಡಿಯೊ ಬ್ಯಾಂಡ್‌ಗಳಲ್ಲಿ ಮಾತಾಡುತ್ತವೆ. ಎಸಿ1200 ಅಂದರೆ 5 ಗಿಗಾಹರ್ಟ್ಸ್‌ನ 867 ಮತ್ತು 2.4 ಗಿಗಾಹರ್ಟ್ಸ್‌ನ 300, ಎರಡನ್ನೂ ಕೂಡಿ ದುಂಡಗೆ ಮಾಡಿದ ಸಂಖ್ಯೆ. ಫೋನು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಬ್ಯಾಂಡ್‌ನಲ್ಲಿರುತ್ತದೆ. 1200 ಅನ್ನುವುದು ಯಾವ ಸಾಧನಕ್ಕೂ ದಕ್ಕುವ ವೇಗವಲ್ಲ. 867 ಕೂಡ ಲಿಂಕ್ ವೇಗ, ಅಂದರೆ ಫೋನೂ ರೌಟರೂ ತಮ್ಮೊಳಗೆ ಒಪ್ಪಿಕೊಂಡ ವೇಗ. ಎರಡು ಆಂಟೆನಾ ಇರುವ ಫೋನಿಗೆ, 80 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ, ಹತ್ತಿರ ಕೂತಾಗ ಸಿಗುವುದು. ವೈಫೈಯಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕಾದ್ದರಿಂದ ನಿಜವಾದ ಡೌನ್‌ಲೋಡ್ ಅದರ ಅರ್ಧದಿಂದ ಮೂರನೇ ಎರಡರಷ್ಟು. ಒಂದೇ ಕೋಣೆಯಲ್ಲಿ 450ರಿಂದ 600 ಬಂದರೆ ಸಿ6 ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಒಂದೇ ಆಂಟೆನಾದ ಅಗ್ಗದ ಫೋನು, ಟಿವಿಗಳಿಗೆ ಲಿಂಕೇ 433, ಕೈಗೆ 250-300.

2.4ರ 300ರ ಕಥೆ ಇನ್ನೂ ದುರ್ಬಲ. ಅದಕ್ಕೆ 40 ಮೆಗಾಹರ್ಟ್ಸ್ ಜಾಗ ಬೇಕು. ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತು ಮನೆಯ ವೈಫೈ ಕಾಣುವಾಗ ಅಷ್ಟು ಜಾಗ ಸಿಗುವುದಿಲ್ಲ. 20ಕ್ಕೆ ಇಳಿದರೆ ಲಿಂಕ್ 144, ಸಂಜೆ ಹೊತ್ತು ನಿಜದಲ್ಲಿ 30-50 ಬಂದರೂ ಪುಣ್ಯ. ನಿಮ್ಮ ಫೋನು ಯಾವ ಬ್ಯಾಂಡ್‌ನಲ್ಲಿದೆ, ಲಿಂಕ್ ಎಷ್ಟು ಅಂತ ನೋಡಲು ಆ್ಯಪ್ ಬೇಕಿಲ್ಲ. ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ವೈಫೈ ಸೆಟ್ಟಿಂಗ್ಸ್‌ಗೆ ಹೋಗಿ, ಕನೆಕ್ಟ್ ಆಗಿರುವ ಹೆಸರಿನ ಪಕ್ಕದ ಗುರುತು ಒತ್ತಿದರೆ ಎರಡೂ ಕಾಣುತ್ತವೆ.

ಇಲ್ಲೇ ಇನ್ನೊಂದು ಮಾತು. ಬ್ರೌಸರ್‌ನಲ್ಲಿ ಫೈಲ್ ಇಳಿಯುವಾಗ ಕಾಣುವುದು ಮೆಗಾಬೈಟ್, ಪ್ಲಾನಿನಲ್ಲಿ ಬರೆದಿರುವುದು ಮೆಗಾಬಿಟ್. ಎಂಟರಿಂದ ಭಾಗಿಸಬೇಕು. 100ರ ಪ್ಲಾನಿಗೆ ಸೆಕೆಂಡಿಗೆ 11-12 ಮೆಗಾಬೈಟ್ ಬರುತ್ತಿದ್ದರೆ ಪೂರ್ತಿ ಬರುತ್ತಿದೆ. ಜಗಳ ಆಡುವ ಅಗತ್ಯವಿಲ್ಲ.

ದುಡ್ಡು ಕೊಡುವ ಮುಂಚೆ

ಫೈಬರ್ ಬಂದು ಸೇರುವ ಡಬ್ಬಕ್ಕೆ ಒಎನ್‌ಟಿ ಅಂತ ಹೆಸರು, ಮನೆಮಂದಿಗೆಲ್ಲ ಅದು ಮೋಡೆಂ. ಒಂದು ಲ್ಯಾಪ್‌ಟಾಪ್ ತಂದು ಲ್ಯಾನ್ ಕೇಬಲ್‌ನಲ್ಲಿ ನೇರ ಅದಕ್ಕೆ ಸೇರಿಸಿ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಇಲ್ಲದಿದ್ದರೆ ಅಳೆದದ್ದು ಯಾವುದನ್ನು ಅಂತ ಗೊತ್ತಾಗುವುದಿಲ್ಲ. ಮನೆಯ ಉಳಿದ ಫೋನು, ಟಿವಿ ಎಲ್ಲದರ ವೈಫೈಯನ್ನೂ ಹತ್ತು ನಿಮಿಷ ಆಫ್ ಮಾಡಿಸಿ ಸ್ಪೀಡ್ ಟೆಸ್ಟ್ ಹಾಕಿ. ಮಧ್ಯಾಹ್ನ ಒಮ್ಮೆ, ರಾತ್ರಿ ಒಂಬತ್ತರ ಹೊತ್ತಿಗೆ ಒಮ್ಮೆ. ಲ್ಯಾಪ್‌ಟಾಪಿಗೆ ಲ್ಯಾನ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ 3.0 ಗಿಗಾಬಿಟ್ ಅಡಾಪ್ಟರ್ ಬೇಕು. ಹಳೆಯ ಯುಎಸ್‌ಬಿ 2.0 ಅಡಾಪ್ಟರುಗಳಲ್ಲಿ ಹೆಚ್ಚಿನವು ತಾವೇ 100ರವು.

ಕೇಬಲ್‌ನಲ್ಲಿ ಪ್ಲಾನಿನಷ್ಟು ವೇಗ ಬಂದು ವೈಫೈಯಲ್ಲಿ ಮಾತ್ರ ಬರದಿದ್ದರೆ ಸಿ6 ನಿಮಗೇ ಹೇಳಿ ಮಾಡಿಸಿದ್ದು. ಕೇಬಲ್‌ನಲ್ಲೂ ಬರದಿದ್ದರೆ ಪರ್ಸ್ ಒಳಗಿಡಿ. ಅದರಲ್ಲೂ ಮಧ್ಯಾಹ್ನ ಸರಿಯಿದ್ದು ರಾತ್ರಿ ಮಾತ್ರ ಕುಸಿದರೆ ಆಚೆ ಕಡೆ ದಟ್ಟಣೆ. ಜಿಪಾನ್ ಫೈಬರ್‌ನಲ್ಲಿ ಒಂದು ಎಳೆಯ ಸುಮಾರು 2.5 ಜಿಬಿಪಿಎಸ್ ಅನ್ನು ಸ್ಪ್ಲಿಟರ್ ಮೂಲಕ 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ. ಆದರೂ ಸಾಮಾನ್ಯವಾಗಿ ಕಟ್ಟಿಕೊಳ್ಳುವುದು ಅಲ್ಲಲ್ಲ, ಊರಿನ ಆಪರೇಟರ್ ಮೇಲಿನವರಿಂದ ಕೊಂಡ ಒಟ್ಟು ಬ್ಯಾಂಡ್‌ವಿಡ್ತ್ ಸಾಲದಾದಾಗ. ಅದಕ್ಕೆ ಯಾವ ರೌಟರಿನಲ್ಲೂ ಮದ್ದಿಲ್ಲ.

ತಿಂಗಳ ಕೊನೆಯಲ್ಲಿ ಮಾತ್ರ ಸ್ಲೋ ಆಗುತ್ತಿದ್ದರೆ ಪ್ಲಾನಿನ ಸಣ್ಣ ಅಕ್ಷರ ಓದಿ. ಅನ್‌ಲಿಮಿಟೆಡ್ ಅಂತ ಕರೆಸಿಕೊಳ್ಳುವ ಎಷ್ಟೋ ಪ್ಲಾನ್‌ಗಳಿಗೆ ತಿಂಗಳಿಗೆ 3300 ಜಿಬಿಯ ಗಡಿ ಇದೆ, ಸಣ್ಣ ಆಪರೇಟರ್‌ಗಳ ಕಡೆ ಇನ್ನೂ ಕಡಿಮೆ. ಅದು ದಾಟಿದ ಮೇಲೆ ವೇಗ ಕೆಲವೇ ಎಂಬಿಪಿಎಸ್‌ಗೆ ಇಳಿಯುತ್ತದೆ. ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು ಸರ್ಕಾರ 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿದ್ದೇ 2023ರಲ್ಲಿ. ಕಾನೂನಿನ ಆಸರೆ ಅಲ್ಲಿಗೆ ಮುಗಿಯಿತು.

ಸ್ಪೀಡ್ ಟೆಸ್ಟ್ ಚೆನ್ನಾಗಿ ಬಂದೂ ಮೀಟಿಂಗ್‌ನಲ್ಲಿ ದನಿ ತುಂಡಾಗುವುದು ಬೇರೆಯೇ ರೋಗ. ಇದನ್ನು ಹಿಡಿಯಲು ಪಿಂಗ್ ಬೇಕು, ಅಂದರೆ ಒಂದು ವಿಳಾಸಕ್ಕೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ಅಳೆಯುವ ಕಮಾಂಡ್. ವೈಫೈಯಲ್ಲಿರುವ ಲ್ಯಾಪ್‌ಟಾಪಿನಲ್ಲಿ ಎರಡು ಕಮಾಂಡ್ ಕಿಟಕಿ ತೆರೆದು, ಒಂದರಲ್ಲಿ ಒಎನ್‌ಟಿಯ ವಿಳಾಸಕ್ಕೆ, ಸಾಮಾನ್ಯವಾಗಿ 192.168.1.1, ಇನ್ನೊಂದರಲ್ಲಿ ಹೊರಗಿರುವ ಗೂಗಲ್ ಸರ್ವರಿನ ವಿಳಾಸ 8.8.8.8ಕ್ಕೆ ನಿರಂತರ ಪಿಂಗ್ ಕೊಟ್ಟು ಎರಡನ್ನೂ ಅಕ್ಕಪಕ್ಕ ನೋಡಿ. ಮನೆಯೊಳಗಿನ ವಿಳಾಸಕ್ಕೆ 2-5 ಮಿಲಿಸೆಕೆಂಡ್ ಸಹಜ. ಅದೇ 3, 180, 4, 95, ಟೈಮ್‌ಔಟ್ ಅಂತ ಕುಣಿದರೆ ತಪ್ಪು ವೈಫೈಯದ್ದು. ಮನೆಯೊಳಗಿನದು ಶಾಂತವಾಗಿದ್ದು ಹೊರಗಿನದು ಮಾತ್ರ ಕುಣಿದರೆ ಲೈನಿನದು. ಮೂರನೇ ಸಾಧ್ಯತೆಯೊಂದಿದೆ: ಯಾರದೋ ಫೋನು ಫೋಟೊಗಳನ್ನು ಕ್ಲೌಡಿಗೆ ಏರಿಸುತ್ತಿರುವಷ್ಟು ಹೊತ್ತು ಪಿಂಗ್ 20ರಿಂದ 300ಕ್ಕೆ ಹಾರಿ, ಮುಗಿದ ಕೂಡಲೇ ಇಳಿಯುವುದು. ಅಪ್‌ಲೋಡ್ ತುಂಬಿ ಸರದಿ ಬೆಳೆದದ್ದು ಅದು. ಫೋಟೊ ಬ್ಯಾಕಪ್ಪನ್ನು ಮೀಟಿಂಗಿನ ಹೊತ್ತಿನಲ್ಲಿ ನಿಲ್ಲಿಸಿಟ್ಟರೆ ಎಷ್ಟೋ ಮನೆಯ ಆನ್‌ಲೈನ್ ಮೀಟಿಂಗುಗಳು ನಯಾಪೈಸೆ ಖರ್ಚಿಲ್ಲದೆ ಸರಿಹೋಗುತ್ತವೆ.

ಫೈಬರ್ ಕಡೆ ಒಂದು ಕಣ್ಣು

ಒಎನ್‌ಟಿಯ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದು ಅದರ ಪುಟದೊಳಗೆ ಹೋದರೆ ಪಾನ್ ಅಥವಾ ಆಪ್ಟಿಕಲ್ ಅನ್ನುವ ಹೆಸರಿನಲ್ಲಿ ಆರ್‌ಎಕ್ಸ್ ಪವರ್ ಅಂತ, ಅಂದರೆ ಒಳಬರುವ ಬೆಳಕಿನ ಬಲ ಹೇಳುವ ಒಂದು ಸಂಖ್ಯೆ ಇರುತ್ತದೆ, ಮೈನಸ್ ಗುರುತಿನೊಂದಿಗೆ. ಮೈನಸ್ 15ರಿಂದ 24 ಡಿಬಿಎಂ ಒಳಗಿದ್ದರೆ ನಿಶ್ಚಿಂತೆ. ಸಾಮಾನ್ಯ ಒಎನ್‌ಟಿಗಳ ತಾಳಿಕೆ ಮೈನಸ್ 27ರ ತನಕ. 26, 27 ಅಂತ ತೋರಿಸುತ್ತಿದ್ದರೆ ಈಗ ಹೇಗೋ ನಡೆಯುತ್ತಿದೆ, ನಾಳೆ ಮಳೆಗೋ ಗಾಳಿಗೋ ಬೆಳಕು ತಲುಪುತ್ತಿಲ್ಲ ಅನ್ನುವ ಎಲ್‌ಒಎಸ್ ಕೆಂಪು ದೀಪ ಮಿನುಗುತ್ತದೆ. ಬೆಳಕು ಕಡಿಮೆಯಾಗಲು ಕಾರಣಗಳು ಬಹುಪಾಲು ಮನೆಯ ಗೋಡೆಯ ಆಸುಪಾಸಿನಲ್ಲೇ ಸಿಗುತ್ತವೆ: ಕಿಟಕಿ ಸಂದಿಯಲ್ಲಿ ಒತ್ತಿಹೋದ ಎಳೆ, ಟಿವಿ ಹಿಂದೆ ಬೆರಳಿನಷ್ಟು ಸಣ್ಣ ಸುರುಳಿ ಮಾಡಿ ಕಟ್ಟಿದ ಪ್ಯಾಚ್ ಕಾರ್ಡ್ ಅನ್ನುವ ಫೈಬರ್ ತುಂಡು, ಇಲಿ ಕಚ್ಚಿದ್ದು, ಧೂಳು ಕೂತ ಕನೆಕ್ಟರ್. ಪ್ಯಾಚ್ ಕಾರ್ಡನ್ನು ಅಂಗೈಗಿಂತ ಸಣ್ಣದಾಗಿ ಸುತ್ತದಿದ್ದರೆ ಸಾಕು.

ಹಸಿರು ಮತ್ತು ನೀಲಿ ಕನೆಕ್ಟರುಗಳನ್ನು ಒಂದಕ್ಕೊಂದು ಸೇರಿಸಿದ್ದನ್ನು ಕಂಡರೆ ಲೈನ್‌ಮ್ಯಾನ್‌ಗೆ ತೋರಿಸಿ. ಹಸಿರಿನ ಮುಖ ಎಂಟು ಡಿಗ್ರಿ ಓರೆ, ನೀಲಿಯದು ನೇರ. ತಳ್ಳಿದರೆ ಒಳಗೆ ಹೋಗಿ ಕೂರುತ್ತವೆ, ದೀಪವೂ ಹಸಿರಾಗುತ್ತದೆ, ಆದರೆ ನಡುವೆ ಗಾಳಿಯ ಸಂದು ಉಳಿದು ಬೆಳಕು ಸೋರುತ್ತದೆ. "ಸ್ಲೋ ಆಗಿದೆ" ಅಂತ ದೂರು ಕೊಟ್ಟರೆ ರೀಸ್ಟಾರ್ಟ್ ಮಾಡಿ ಅನ್ನುತ್ತಾರೆ. "ಆರ್‌ಎಕ್ಸ್ ಮೈನಸ್ 27 ತೋರಿಸ್ತಿದೆ" ಅಂದರೆ ಏಣಿ ಹೊತ್ತುಕೊಂಡು ಬರುತ್ತಾರೆ. ಎಳೆಯ ತುದಿಯನ್ನು ಮಾತ್ರ ಕಣ್ಣಿಗೆ ಹಿಡಿದು ನೋಡಬೇಡಿ, ಆ ಬೆಳಕು ಕಣ್ಣಿಗೆ ಕಾಣದು, ಹಾನಿ ಮಾಡೀತು.

ಒಎನ್‌ಟಿಯ ಪೋರ್ಟುಗಳಲ್ಲೂ ಒಂದು ಗುಟ್ಟಿದೆ. ಆಪರೇಟರ್‌ಗಳು ಕೊಡುವ ಅಗ್ಗದ ಡಬ್ಬಗಳು ಎಷ್ಟೋ ಸಲ ಒಂದು ಜಿಇ ಮತ್ತು ಒಂದು ಅಥವಾ ಮೂರು ಎಫ್‌ಇ ಇರುವಂಥವು. ಜಿಇ ಅಂದರೆ ಗಿಗಾಬಿಟ್, ಎಫ್‌ಇ ಅಂದರೆ 100. ಸಿ6ರ ಕೇಬಲ್ಲನ್ನು ಎಫ್‌ಇಗೆ ಚುಚ್ಚಿದರೆ ಮತ್ತದೇ 94. ಗಿಗಾಬಿಟ್ ಪೋರ್ಟ್ ಸಾಮಾನ್ಯವಾಗಿ ಲ್ಯಾನ್ 1. ಡಬ್ಬದ ಬೆನ್ನಿನ ಮೇಲೆ, ಇಲ್ಲವೇ ತಳದ ಚೀಟಿಯಲ್ಲಿ ಬರೆದಿರುತ್ತದೆ.

ಕೇಬಲ್ ಕೂಡ ನೂರಕ್ಕೆ ಇಳಿಸಬಲ್ಲದು. 100 ಎಂಬಿಪಿಎಸ್‌ಗೆ ಎಂಟು ತಂತಿಗಳಲ್ಲಿ ನಾಲ್ಕು ಸಾಕು: 1, 2, 3, 6. ಗಿಗಾಬಿಟ್‌ಗೆ ಎಂಟೂ ಬೇಕು. ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸುವಾಗ, ಅಂದರೆ ಕ್ರಿಂಪ್ ಮಾಡುವಾಗ, ನೀಲಿಯೋ ಕಂದೋ ಒಂದು ತಂತಿ ಸರಿಯಾಗಿ ಕೂರದಿದ್ದರೆ ಕೇಬಲ್ ಸಾಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಅದಕ್ಕೇ ಈ ದೋಷ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ವಿಂಡೋಸ್‌ನಲ್ಲಿ ಈಥರ್ನೆಟ್‌ನ ವಿವರ ತೆರೆದು ಲಿಂಕ್ ಸ್ಪೀಡ್ 1000/1000 ಇದೆಯೋ 100/100 ಇದೆಯೋ ನೋಡಿ. ಎರಡೂ ತುದಿಗೆ ಬಣ್ಣದ ಸಾಲು ಒಂದೇ ಇರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಕೇಬಲ್ ಕೊಳ್ಳುವಾಗ ಕ್ಯಾಟ್ 5ಇ ಆದರೂ ಸಾಕು, ಕ್ಯಾಟ್ 6 ಆದರೆ ಒಳ್ಳೆಯದು. ಎರಡೂ ಗಿಗಾಬಿಟ್ಟನ್ನು ನೂರು ಮೀಟರ್ ಒಯ್ಯುತ್ತವೆ. ನೋಡಬೇಕಾದ್ದು ಒಳಗಿನ ಲೋಹ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಆಗಲಿ, ಆನ್‌ಲೈನ್‌ನಲ್ಲಿ ಆಗಲಿ, ತೀರಾ ಅಗ್ಗದ ಸುರುಳಿ ಹೆಚ್ಚಾಗಿ ಸಿಸಿಎ, ಅಂದರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದರೆ ತಾಮ್ರದ ಕೆಂಪು ಹೋಗಿ ಬೆಳ್ಳಿ ಬಣ್ಣ ಇಣುಕುತ್ತದೆ. ನಾಲ್ಕಾರು ಸಲ ಬಗ್ಗಿಸಿದರೆ ಮುರಿಯುತ್ತದೆ. ಗೋಡೆಯೊಳಗೆ ಹಾಕಿ ಗಾರೆ ಮೆತ್ತುವ ಕೇಬಲ್ಲಿಗೆ ಇದು ಬೇಡವೇ ಬೇಡ.

ಜೋಡಿಸುವುದು: ರೌಟರ್ ಆಗಿಯೋ, ಆ್ಯಕ್ಸೆಸ್ ಪಾಯಿಂಟ್ ಆಗಿಯೋ

ಮೊದಲಿಗೆ ಒಂದು ನಿರಾಸೆ. ಸಿ6ರಲ್ಲಿ ಫೈಬರ್ ಚುಚ್ಚುವ ತೂತು ಇಲ್ಲ, ಹಳೆಯ ಟೆಲಿಫೋನ್ ತಂತಿಯದ್ದೂ ಇಲ್ಲ. ಅದು ಒಎನ್‌ಟಿಯ ಬದಲಿಗೆ ಅಲ್ಲ, ಅದರ ಜೊತೆಗೆ. ಹಳೆಯ ಡಬ್ಬ ವಾಪಸ್ ಕೊಟ್ಟು ಇದನ್ನು ಇಟ್ಟುಕೊಳ್ಳೋಣ ಅಂತ ಯೋಚಿಸಿದವರು ಕೊಳ್ಳಬೇಡಿ.

ಒಎನ್‌ಟಿ ತಾನೇ ಲಾಗಿನ್ ಮಾಡಿಕೊಂಡು ವೈಫೈ ಕೊಡುತ್ತಿರುವ ಮನೆಗಳೇ ಈಗ ಹೆಚ್ಚು. ಅಲ್ಲಿ ಸಿ6ನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ, ಅಂದರೆ ವೈಫೈ ಮಾತ್ರ ಕೊಟ್ಟು ಉಳಿದದ್ದನ್ನು ಒಎನ್‌ಟಿಗೆ ಬಿಡುವಂತೆ ಇಡುವುದು ಸರಿ. ಕರೆಂಟ್ ಕೊಟ್ಟು, ತಳದ ಚೀಟಿಯಲ್ಲಿರುವ ವೈಫೈ ಹೆಸರು, ಪಾಸ್‌ವರ್ಡ್ ಹಾಕಿ ಸೇರಿಕೊಂಡು, ಬ್ರೌಸರ್‌ನಲ್ಲಿ 192.168.0.1 ತೆರೆದರೆ ಹೊಸ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಅಡ್ವಾನ್ಸ್ಡ್ ಒಳಗೆ ಸಿಸ್ಟಂ, ಅದರೊಳಗೆ ಆಪರೇಷನ್ ಮೋಡ್, ಅಲ್ಲಿ ಆ್ಯಕ್ಸೆಸ್ ಪಾಯಿಂಟ್ ಆರಿಸಿ ಸೇವ್. ರೌಟರ್ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಆಮೇಲೆ ಒಎನ್‌ಟಿಯ ಗಿಗಾಬಿಟ್ ಲ್ಯಾನ್ ಪೋರ್ಟಿನಿಂದ ಸಿ6ರ ಇಂಟರ್ನೆಟ್ ಪೋರ್ಟಿಗೆ ಕೇಬಲ್. ಇನ್ನು ಮುಂದೆ 192.168.0.1 ತೆರೆಯುವುದಿಲ್ಲ, ಕೆಟ್ಟುಹೋಯಿತು ಅಂತ ಗಾಬರಿಯಾಗಬೇಡಿ. ವಿಳಾಸ ಕೊಡುವ ಯಜಮಾನಿಕೆ ಈಗ ಒಎನ್‌ಟಿಗೆ ಹೋಗಿದೆ. ಸಿ6ಗೆ ಅದು ಯಾವ ವಿಳಾಸ ಕೊಟ್ಟಿದೆ ಅಂತ ಒಎನ್‌ಟಿಯ ಪಟ್ಟಿಯಲ್ಲಿ ನೋಡಬಹುದು, ಇಲ್ಲವೇ ಟಿಪಿ-ಲಿಂಕ್‌ನ ಟೆದರ್ ಆ್ಯಪ್ ಹುಡುಕಿಕೊಡುತ್ತದೆ.

ಮೋಡ್ ಬದಲಿಸದೆ ಹಾಗೇ ಚುಚ್ಚಿದರೂ ಇಂಟರ್ನೆಟ್ ಬರುತ್ತದೆ, ಸ್ಪೀಡೂ ಬರುತ್ತದೆ. ಆದರೆ ಎರಡು ರೌಟರ್ ಒಂದರ ಮೇಲೊಂದು ಕೂತು ಡಬಲ್ ನ್ಯಾಟ್ ಆಗುತ್ತದೆ, ಅಂದರೆ ವಿಳಾಸ ಬದಲಿಸುವ ಕೆಲಸ ಎರಡು ಸಲ ನಡೆದು ಮನೆಯೊಳಗೆ ಎರಡು ಬೇರೆ ಜಾಲಗಳಾಗುತ್ತವೆ. ಸಿ6ರಲ್ಲಿರುವ ಫೋನಿಗೆ ಒಎನ್‌ಟಿಯಲ್ಲಿರುವ ಟಿವಿ ಕಾಸ್ಟಿಂಗ್ ಪಟ್ಟಿಯಲ್ಲಿ ಕಾಣದು, ಪ್ರಿಂಟರ್ ಕಾಣದು, ಆನ್‌ಲೈನ್ ಗೇಮ್‌ಗಳು ತಕರಾರು ತೆಗೆಯುತ್ತವೆ.

ಫೈಬರ್ ಅಲ್ಲದೆ ಬಿಲ್ಡಿಂಗ್‌ನ ಸ್ವಿಚ್ಚಿನಿಂದ ಲ್ಯಾನ್ ಕೇಬಲ್ಲೇ ಮನೆಗೆ ಬರುವಲ್ಲಿ ಸಿ6 ಪೂರ್ಣ ರೌಟರ್ ಆಗಿ ನಿಲ್ಲಬೇಕು. ಇಂಟರ್ನೆಟ್ ಕನೆಕ್ಷನ್‌ನಲ್ಲಿ ಪಿಪಿಪಿಒಇ ಆರಿಸಿ, ಆಪರೇಟರ್ ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ. ಸರಿಯಾಗಿ ಹಾಕಿದರೂ ಇಂಟರ್ನೆಟ್ ದೀಪ ಕಿತ್ತಳೆ ಬಣ್ಣದಲ್ಲೇ ಉಳಿದರೆ ಅವರು ಹಳೆಯ ರೌಟರಿನ ಮ್ಯಾಕ್ ವಿಳಾಸಕ್ಕೆ, ಅಂದರೆ ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆಗೆ, ಲೈನನ್ನು ಕಟ್ಟಿರಬಹುದು. ಫೋನ್ ಮಾಡಿ ಬಿಡಿಸಿಕೊಳ್ಳಿ, ಅಥವಾ ಸಿ6ರಲ್ಲೇ ಮ್ಯಾಕ್ ಕ್ಲೋನ್ ಮಾಡಿ ಹಳೆಯ ವಿಳಾಸ ಹಾಕಿ.

ವೈಫೈ ಸೆಟ್ಟಿಂಗ್‌ನಲ್ಲಿ ಕಾರ್ಖಾನೆಯಿಂದ ಬಂದದ್ದನ್ನು ಮೂರು ಕಡೆ ಮುಟ್ಟಬೇಕು. 2.4ರಲ್ಲಿ ಅಗಲ 20 ಮೆಗಾಹರ್ಟ್ಸ್, ಚಾನೆಲ್ 1, 6, 11ರಲ್ಲಿ ಒಂದು. ನೆರೆಯವರು ಕಡಿಮೆ ಇರುವುದು ಯಾವುದು ಅಂತ ವೈಫೈ ಅನಲೈಜರ್ ಥರದ ಆ್ಯಪ್ ತೋರಿಸುತ್ತದೆ. ಮೂರೂ ತುಂಬಿವೆ ಅಂತ 3, 4 ಹಾಕುವುದು ಜಾಣತನವಲ್ಲ. ಎರಡು ಕಡೆಯವರ ಗಲಾಟೆಯೂ ಕಿವಿಗೆ ಬೀಳುತ್ತದೆ. 5ರಲ್ಲಿ ಅಗಲ 80, ಚಾನೆಲ್ 36 ಅಥವಾ 149. ಒಎನ್‌ಟಿಯ ವೈಫೈಯನ್ನೂ ಉಳಿಸಿಕೊಂಡಿದ್ದರೆ ಅದು 36ರಲ್ಲಿರಲಿ, ಇದು 149ರಲ್ಲಿ. ಎರಡೂ ಪಕ್ಕಪಕ್ಕದಲ್ಲೇ ಇದ್ದರೆ ಮಾತ್ರ ಒಎನ್‌ಟಿಯ ವೈಫೈ ಆಫ್ ಮಾಡಿಬಿಡಿ. ಮೂರನೆಯದು ಸ್ಮಾರ್ಟ್ ಕನೆಕ್ಟ್: ಎರಡೂ ಬ್ಯಾಂಡಿಗೆ ಒಂದೇ ಹೆಸರು ಕೊಟ್ಟು ಫೋನನ್ನು ಅತ್ತಿತ್ತ ದಾಟಿಸುವ ಸೌಲಭ್ಯ. ಕೆಲವು ಫೋನುಗಳು 2.4ಕ್ಕೇ ಅಂಟಿಕೊಂಡು ಕೂರುತ್ತವೆ. ಸ್ಮಾರ್ಟ್ ಬಲ್ಬು, ಅಗ್ಗದ ಸಿಸಿಟಿವಿ ಕ್ಯಾಮೆರಾಗಳಿಗೆ ಸೆಟಪ್ಪಿನ ಹೊತ್ತಿಗೆ 2.4 ಬೇರೆ ಹೆಸರಿನಲ್ಲಿದ್ದರೆ ಸಲೀಸು. ಬೇರೆ ಬೇರೆ ಹೆಸರಿಟ್ಟು, ಟಿವಿ ಮತ್ತು ಲ್ಯಾಪ್‌ಟಾಪನ್ನು 5ಕ್ಕೆ ಕಟ್ಟುವುದೇ ವಾಸಿ. ಪಾಸ್‌ವರ್ಡ್ ಇಲ್ಲದೆ ಬಟನ್ ಅಥವಾ ಪಿನ್‌ನಿಂದ ಸೇರಿಸುವ ಡಬ್ಲ್ಯುಪಿಎಸ್ ಆಫ್ ಮಾಡಿ. ವೈಫೈ ಭದ್ರತೆಯ ಹೊಸ ವಿಧಾನ ಡಬ್ಲ್ಯುಪಿಎ3 ಇದ್ದರೂ ಮನೆಯಲ್ಲಿ ಹಳೆಯ ಪ್ರಿಂಟರ್, ಕ್ಯಾಮೆರಾ ಇದ್ದರೆ ಡಬ್ಲ್ಯುಪಿಎ2ನಲ್ಲೇ ಬಿಡಿ.

ಎಲ್ಲಿ ಇಡುವುದು

ಬಹಳ ಮನೆಗಳಲ್ಲಿ ಫೈಬರ್ ಡಬ್ಬ ಟಿವಿ ಷೋಕೇಸಿನ ಕೆಳಗಿನ ಖಾನೆಯಲ್ಲಿರುತ್ತದೆ, ಮೇಲೆ ಟಿವಿಯ ಲೋಹದ ಬೆನ್ನು, ಪಕ್ಕದಲ್ಲಿ ಸೆಟ್‌ಟಾಪ್ ಬಾಕ್ಸ್. ಅಲ್ಲಿಗೇ ಸಿ6ನ್ನೂ ತುರುಕಿದರೆ ಕೊಂಡದ್ದೇ ವ್ಯರ್ಥ. ಸ್ಟೀಲ್ ಬೀರು, ಫ್ರಿಜ್, ದೊಡ್ಡ ಕನ್ನಡಿ, ನೀರಿನ ಟ್ಯಾಂಕು ಇವುಗಳ ಹಿಂದೆ ನೆರಳು ಬೀಳುತ್ತದೆ. ಮೈಕ್ರೋವೇವ್ ಓಡುವಾಗ 2.4 ನರಳುತ್ತದೆ. ತಲೆಯ ಮಟ್ಟಕ್ಕಿಂತ ಎತ್ತರದಲ್ಲಿ, ಮನೆಯ ನಡುಭಾಗದ ಗೋಡೆಗೆ ಸಿಕ್ಕಿಸಿ.

ನಿಂತ ಆಂಟೆನಾದ ಸುತ್ತ ಸಿಗ್ನಲ್ ಹರಡುವ ಆಕಾರ ಉದ್ದಿನ ವಡೆಯದ್ದು: ಸುತ್ತಲೂ ದಪ್ಪ, ತುದಿಯ ನೇರಕ್ಕೆ ತೂತು. ಹಾಗಾಗಿ ನಾಲ್ಕನ್ನೂ ನೆಟ್ಟಗೆ ನಿಲ್ಲಿಸಿದರೆ ಅದೇ ಮಹಡಿಗೆ ಚೆನ್ನಾಗಿ ಸಿಗುತ್ತದೆ, ತಲೆಯ ಮೇಲಿನ ಕೋಣೆಗೆ ಸಿಗದು. ಮೇಲಿನ ಮಹಡಿಗೂ ಬೇಕೆಂದರೆ ಎರಡನ್ನು ನಿಲ್ಲಿಸಿ ಎರಡನ್ನು ಅಡ್ಡ ಮಲಗಿಸಿ. ಇಷ್ಟಾದರೂ ಆರ್‌ಸಿಸಿ ಚಾವಣಿಯ ಕಂಬಿಗಳು 5 ಗಿಗಾಹರ್ಟ್ಸನ್ನು ಚೆನ್ನಾಗಿಯೇ ತಡೆಯುತ್ತವೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಒಂದಾದರೆ 5 ದಾಟುತ್ತದೆ, ಎರಡಾದರೆ ಸೊರಗುತ್ತದೆ. ಕರಾವಳಿಯ ಕೆಂಪುಕಲ್ಲಿನ ಮನೆ, ಮಲೆನಾಡಿನ ದಪ್ಪ ಮಣ್ಣುಗೋಡೆಯ ತೊಟ್ಟಿಮನೆಗಳಲ್ಲಿ ಒಂದು ಗೋಡೆಯೇ ಸಾಕು, ಮಳೆಗಾಲದಲ್ಲಿ ಗೋಡೆ ನೀರು ಕುಡಿದಿದ್ದರೆ ಇನ್ನಷ್ಟು. ಫೋನಿನ ಅನಲೈಜರ್ ಆ್ಯಪ್‌ನಲ್ಲಿ ಕೂರುವ ಜಾಗದ ಸಿಗ್ನಲ್ ನೋಡಿ: ಮೈನಸ್ 67ರೊಳಗಿದ್ದರೆ ವಿಡಿಯೊ ಕಾಲ್‌ಗೆ ತೊಂದರೆಯಿಲ್ಲ, 75 ದಾಟಿದರೆ ಗಡ್ಡೆಗಡ್ಡೆ ಚಿತ್ರ.

ಅಂಥ ಮನೆಗೆ ಒಂದು ಸಿ6 ಸಾಲದು. "ಬೂಸ್ಟರ್" ಅಂತ ಸಾಕೆಟ್ಟಿಗೆ ಚುಚ್ಚುವ ರಿಪೀಟರ್ ಮಾರುತ್ತಾರೆ. ಕೇಳುವುದೂ ಹೇಳುವುದೂ ಒಂದೇ ರೇಡಿಯೊದಲ್ಲಾದರೆ ವೇಗ ಅಲ್ಲೇ ಅರ್ಧವಾಗುತ್ತದೆ, ಅದೂ ರಿಪೀಟರ್ ಇಟ್ಟ ಜಾಗಕ್ಕೆ ಒಳ್ಳೆಯ ಸಿಗ್ನಲ್ ಬರುತ್ತಿದ್ದರೆ. ಸಿಗ್ನಲ್ ಇಲ್ಲದ ಮೂಲೆಯಲ್ಲೇ ಅದನ್ನು ಚುಚ್ಚುವವರು ಬಹಳ. ಬದಲಿಗೆ ಒಂದು ಕ್ಯಾಟ್ 6 ಕೇಬಲ್ಲನ್ನು ಕಿಟಕಿಯಿಂದಲೋ ಪೈಪಿನ ಪಕ್ಕದಿಂದಲೋ ಮೇಲೆ ಒಯ್ದು, ಸಿ6ನ್ನು ಮಹಡಿಯಲ್ಲಿ ಆ್ಯಕ್ಸೆಸ್ ಪಾಯಿಂಟ್ ಮಾಡಿ ಕೂರಿಸಿ, ಕೆಳಗೆ ಒಎನ್‌ಟಿಯ ವೈಫೈಯನ್ನೇ ಬಳಸಿ. ಎರಡೂವರೆ ಸಾವಿರದೊಳಗೆ ಎರಡು ಮಹಡಿಯ ಮನೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಕಾಣದು. ಸಿ6 ಅತ್ಯಂತ ಚೆನ್ನಾಗಿ ಹೊಂದುವುದೂ ಈ ಕೆಲಸಕ್ಕೇ. ಹೊರಗೋಡೆಯ ಮೇಲೆ ತಾಮ್ರದ ಕೇಬಲ್ ಎಳೆದಿದ್ದರೆ ಮಾತ್ರ ಗುಡುಗು ಶುರುವಾದಾಗ ಎರಡೂ ತುದಿ ಕಿತ್ತಿಡಿ. ಫೈಬರಿನ ಗಾಜಿಗೆ ಸಿಡಿಲಿನ ಭಯವಿಲ್ಲ, ಆದರೆ ಅದರ ಜೊತೆ ಬರುವ ಉಕ್ಕಿನ ತಂತಿಗೂ ನಿಮ್ಮ ಅಡಾಪ್ಟರಿಗೂ ಇದೆ.

ತಕರಾರುಗಳು

ಯುಎಸ್‌ಬಿ ಪೋರ್ಟ್ ಇಲ್ಲ, ಹಾರ್ಡ್‌ಡಿಸ್ಕ್ ಹಾಕಿ ಮನೆಗೆಲ್ಲ ಸಿನಿಮಾ ಹಂಚುವ ಆಸೆ ಬಿಡಬೇಕು. ಆಂಟೆನಾ ಬಿಚ್ಚಿ ಬೇರೆ ಹಾಕಲಾಗದು. ಯಾವ ಸಾಧನಕ್ಕೆ ಮೊದಲ ಆದ್ಯತೆ ಅಂತ ಹೇಳುವ ಕ್ಯೂಒಎಸ್ ಆನ್ ಮಾಡಿದರೆ ಪ್ಯಾಕೆಟ್ ದಾಟಿಸುವ ಶಾರ್ಟ್‌ಕಟ್ ಕೈಬಿಟ್ಟು ಪ್ರೊಸೆಸರ್ ತಾನೇ ಎಲ್ಲವನ್ನೂ ನೋಡಬೇಕಾಗುತ್ತದೆ, ದೊಡ್ಡ ಪ್ಲಾನಿನವರಿಗೆ ವೇಗ ಇಳಿಯುತ್ತದೆ, 100ರೊಳಗಿನವರು ಹಾಕಿಕೊಳ್ಳಬಹುದು. ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹೋದ ಮೇಲೆ ಪೇರೆಂಟಲ್ ಕಂಟ್ರೋಲ್ ಸಿಗುವುದಿಲ್ಲ. ಮಕ್ಕಳ ಫೋನಿಗೆ ಹೊತ್ತಿನ ಕಡಿವಾಣ ಹಾಕಲೆಂದೇ ಕೊಳ್ಳುವವರು ಇದನ್ನು ತಿಳಿದಿರಲಿ. ಹಲವು ಡಬ್ಬ ಸೇರಿ ಒಂದೇ ವೈಫೈ ಆಗುವ ಒನ್‌ಮೆಶ್ ಕೆಲವು ಆವೃತ್ತಿಗಳಲ್ಲಿದೆ, ಆದರೆ ಅದು ಟಿಪಿ-ಲಿಂಕ್‌ನವರದೇ ಒನ್‌ಮೆಶ್ ಎಕ್ಸ್‌ಟೆಂಡರ್ ಜೊತೆ ಮಾತ್ರ ಕೂಡುತ್ತದೆ.

ದೊಡ್ಡ ತಕರಾರು ವಯಸ್ಸಿನದ್ದು. ಇದು ಹಿಂದಿನ ಪೀಳಿಗೆಯ ವೈಫೈ 5ರ ಪೆಟ್ಟಿಗೆ. ವೈಫೈ 6ರ ಅಗ್ಗದ ರೌಟರುಗಳು, ಇದೇ ಕಂಪನಿಯ ಆರ್ಚರ್ ಎಎಕ್ಸ್12 ಥರದವು, ಬೆಲೆಯಲ್ಲಿ ಬಹಳ ಹತ್ತಿರ ಬಂದಿವೆ. ಮನೆಯಲ್ಲಿ ಹದಿನೈದು-ಇಪ್ಪತ್ತು ಸಾಧನಗಳಿದ್ದು ಫೋನುಗಳೆಲ್ಲ ಹೊಸವಾಗಿದ್ದರೆ, ಐನೂರು ರೂಪಾಯಿ ಆಚೀಚೆ ಇರುವಾಗ ಅತ್ತ ಹೋಗುವುದೇ ಸರಿ. ಹಳೆಯ ಲ್ಯಾಪ್‌ಟಾಪು, ಐದಾರು ಫೋನು, 100ರಿಂದ 300ರ ಪ್ಲಾನು, ನಡುವೆ ಒಂದು ಗೋಡೆ ಅನ್ನುವ ಮನೆಗೆ ವೈಫೈ 6ರಿಂದ ಕಣ್ಣಿಗೆ ಕಾಣುವ ವ್ಯತ್ಯಾಸ ಕಡಿಮೆ. 30-40ರ ಪ್ಲಾನ್ ಇದ್ದು ಒಎನ್‌ಟಿಯಲ್ಲೇ ಎರಡೂ ಬ್ಯಾಂಡ್ ಇರುವ ಒಂದು ಬೆಡ್‌ರೂಮಿನ ಮನೆಗೆ ಎರಡೂ ಬೇಡ. ಅಲ್ಲಿ ಡಬ್ಬವನ್ನು ಷೋಕೇಸಿನಿಂದ ಹೊರಗೆ ತೆಗೆದರೆ ಕೆಲಸ ಮುಗಿಯಿತು.

ಕರೆಂಟ್ ಹೋಗುವ ಊರಿನವರು ಪುಟ್ಟ ರೌಟರ್ ಯುಪಿಎಸ್ ಜೊತೆಗೇ ಲೆಕ್ಕ ಹಾಕಿ. ಸಿ6 ನಡೆಯುವುದು 12 ವೋಲ್ಟಿನಲ್ಲಿ, ಬಹುಪಾಲು ಒಎನ್‌ಟಿಗಳೂ ಹಾಗೇ. ಎರಡೂ ಅಡಾಪ್ಟರಿನ ಮೇಲೆ ಬರೆದ ಆಂಪ್ ಕೂಡಿಸಿ, ಅದಕ್ಕಿಂತ ಹೆಚ್ಚು ಕೊಡುವ, ಎರಡು ಡಬ್ಬಕ್ಕೂ ಬೇರೆ ಬೇರೆ ವೈರ್ ಹೊರಡುವ ಯುಪಿಎಸ್ ತನ್ನಿ. ಸಿ6ಗೆ ಮಾತ್ರ ಬ್ಯಾಕಪ್ ಕೊಟ್ಟು ಒಎನ್‌ಟಿಯನ್ನು ಬಿಟ್ಟರೆ ಫೋನಿನಲ್ಲಿ ವೈಫೈ ಪೂರ್ತಿ ಕಡ್ಡಿ ತೋರಿಸುತ್ತಿರುತ್ತದೆ, ಇಂಟರ್ನೆಟ್ ಮಾತ್ರ ಇರುವುದಿಲ್ಲ. ಸ್ಪ್ಲಿಟರ್‌ಗೆ ಕರೆಂಟ್ ಬೇಡವಾದ್ದರಿಂದ ಫೈಬರ್ ಲೈನು ಕರೆಂಟ್ ಹೋದಾಗಲೂ ಸಾಮಾನ್ಯವಾಗಿ ಉಳಿಯುತ್ತದೆ. ಬಿಲ್ಡಿಂಗ್ ಸ್ವಿಚ್ಚಿನಿಂದ ಲ್ಯಾನ್ ಕೇಬಲ್ ಬರುವವರಿಗೆ ಆ ಭಾಗ್ಯ ಇಲ್ಲ. ಆ ಸ್ವಿಚ್ಚಿಗೂ ಯುಪಿಎಸ್ ಇದೆಯಾ ಅಂತ ಮೊದಲು ಆಪರೇಟರನ್ನು ಕೇಳಿ.

ಕೊಂಡ ದಿನವೇ ತಳದ ಚೀಟಿಯಲ್ಲಿರುವ ಆವೃತ್ತಿ ಸಂಖ್ಯೆ ಫೋಟೊ ತೆಗೆದಿಡಿ. ಫರ್ಮ್‌ವೇರ್, ಅಂದರೆ ರೌಟರಿನ ಒಳಗಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವಾಗ ಅದೇ ಆವೃತ್ತಿಯ, ನಮ್ಮ ದೇಶದ್ದೇ ಫೈಲ್ ಆಗಿರಬೇಕು. ಬೇರೆಯದ್ದನ್ನು ತುರುಕಿದರೆ ರೌಟರ್ ಆನ್ ಆಗದೆ ಬರೀ ಇಟ್ಟಿಗೆಯಾಗುತ್ತದೆ, ವಾರಂಟಿಯವರೂ ಕೈ ಎತ್ತುತ್ತಾರೆ. ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಐದೂ ಪೋರ್ಟಿಗೆ ಒಂದೊಂದಾಗಿ ಕೇಬಲ್ ಚುಚ್ಚಿ ಲಿಂಕ್ 1000 ತೋರಿಸುತ್ತದಾ ನೋಡಿ. ಒಂದರಲ್ಲಿ 100 ಬಂದರೆ ಮೊದಲು ಕೇಬಲ್ ಬದಲಿಸಿ ನೋಡಿ, ಆಗಲೂ ಬದಲಾಗದಿದ್ದರೆ ಬಿಲ್ಲಿನ ಸಮೇತ ಅಂಗಡಿಗೆ.